9211-8ಐ ಕಾರ್ಡ್‌ಗೆ ಐಟಿ ಫರ್ಮ್‌ವೇರ್ ಹಾಕಲು ಹೋದರೆ ಪಿಎಎಲ್ ಎರರ್, ಸಹಾಯ ಬೇಕು

ಮಲೆನಾಡ_ಹುಡುಗ:

ಎಲ್ಲರಿಗೂ ನಮಸ್ಕಾರ. ಮನೆಯ ಫೋಟೊ, ವಿಡಿಯೊ ಇಡಲು ಟ್ರೂನ್ಯಾಸ್ ಸ್ಕೇಲ್ (ಸ್ಟೋರೇಜ್ ಸರ್ವರ್‌ನ ಆಪರೇಟಿಂಗ್ ಸಿಸ್ಟಮ್) ಹಾಕಿ ಒಂದು ಸರ್ವರ್ ಕಟ್ಟುತ್ತಿದ್ದೇನೆ. ಬೋರ್ಡ್‌ನಲ್ಲಿ ಡಿಸ್ಕ್ ತಗುಲಿಸುವ ಸಾಟಾ ಪೋರ್ಟ್ ಸಾಲಲಿಲ್ಲ. ಅದಕ್ಕೆ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಎಲ್‌ಎಸ್‌ಐ 9211-8ಐ ಕಾರ್ಡ್ ತಂದೆ. ಬೂಟ್ ಆಗುವಾಗ ಅದರಲ್ಲಿ ಐಆರ್ ಫರ್ಮ್‌ವೇರ್ (ಕಾರ್ಡೇ ಡಿಸ್ಕ್‌ಗಳನ್ನು ಸೇರಿಸಿ ರೇಡ್ ಕಟ್ಟುವ ಒಳ ಸಾಫ್ಟ್‌ವೇರ್) ಇದೆ ಅಂತ ತೋರಿಸುತ್ತದೆ. ಡಿಸ್ಕ್‌ಗಳನ್ನು ಹಾಗೇ ಸಿಸ್ಟಮ್‌ಗೆ ಕೊಡುವ ಐಟಿ ಹಾಕೋಣ ಅಂತ ಡಾಸ್ ಪೆನ್‌ಡ್ರೈವ್‌ನಿಂದ ಫ್ಲ್ಯಾಶ್ ಟೂಲ್ ಓಡಿಸಿದರೆ, ‘ಫೇಲ್ಡ್ ಟು ಇನಿಷಿಯಲೈಸ್ ಪಿಎಎಲ್’ ಎಂಬ ಒಂದೇ ಸಾಲು ಬಂದು ನಿಂತುಬಿಡುತ್ತದೆ. ಲಿನಕ್ಸ್‌ನಲ್ಲಿ ಡಿಸ್ಕ್‌ಗಳೇನೋ ಕಾಣುತ್ತವೆ. ಕಾರ್ಡ್ ಹಾಳಾಗಿದೆಯಾ?

ಹಳೇ_ಸರ್ವರ್:

ಕಾರ್ಡ್ ಚೆನ್ನಾಗಿದೆ, ಗಾಬರಿ ಬೇಡ. ಡಿಸ್ಕ್ ಕಾಣುತ್ತಿದೆ ಅಂದ ಮೇಲೆ ಚಿಪ್ ಬದುಕಿದೆ ಅಲ್ವಾ. ಯುಇಎಫ್‌ಐ (ಹಳೆಯ ಬಯಾಸ್ ಬದಲಿಗೆ ಬಂದ ಬೂಟ್ ವ್ಯವಸ್ಥೆ) ಇರುವ ಬೋರ್ಡ್‌ಗಳಲ್ಲಿ ಡಾಸ್ ಟೂಲ್ ಎಷ್ಟೋ ಸಲ ಹೀಗೇ ನಿಲ್ಲುತ್ತದೆ. ಅದೇ ಟೂಲ್‌ನ ಇಎಫ್‌ಐ ಆವೃತ್ತಿ ಬಳಸಿ. ಎಲ್‌ಎಸ್‌ಐ 2014ರಲ್ಲಿ ಅವಾಗೊ ಕೈಸೇರಿತು, ಅವಾಗೊ 2016ರಲ್ಲಿ ಬ್ರಾಡ್‌ಕಾಮ್ ಕೊಂಡು ಅದೇ ಹೆಸರಿಟ್ಟುಕೊಂಡಿತು. ಹಾಗಾಗಿ ಫೈಲ್‌ಗಳನ್ನು ಬ್ರಾಡ್‌ಕಾಮ್‌ನ ಹಳೆಯ ಉತ್ಪನ್ನಗಳ ಪಟ್ಟಿಯಲ್ಲಿ ಹುಡುಕಿ.

ಫರ್ಮ್‌ವೇರ್ ಆವೃತ್ತಿ ಪಿ20 ಅಂದರೆ ಸಾಕಾಗುವುದಿಲ್ಲ, ಪೂರ್ತಿ ನಂಬರ್ 20.00.07.00 ಇರಬೇಕು. ಪಿ20ರಲ್ಲಿ ಮೊದಮೊದಲು ಬಂದ ಆವೃತ್ತಿಗಳಲ್ಲಿ ಡೇಟಾ ಎರರ್‌ಗಳ ತೊಂದರೆ ಇತ್ತು. ಹಳೆಯ ಬ್ಲಾಗ್‌ಗಳಲ್ಲಿ ಸಿಗುವ ಜಿಪ್ ಫೈಲ್ ಸುಮ್ನೆ ಇಳಿಸಿಕೊಳ್ಳಬೇಡಿ.

ಈಗ ಮುಖ್ಯವಾದ ಮಾತು. ಕಾರ್ಡ್ ಹೊರಗೆ ತೆಗೆದು ಅದರ ಮೇಲಿನ ಸ್ಟಿಕ್ಕರ್ ನೋಡಿ. 500605ಬಿ ಅಂತ ಶುರುವಾಗುವ 16 ಅಕ್ಷರಗಳ ಎಸ್‌ಎಎಸ್ ಅಡ್ರೆಸ್ (ಕಾರ್ಡ್‌ನ ಗುರುತಿನ ನಂಬರ್) ಇರುತ್ತದೆ. ಫೋಟೊ ತೆಗೆಯಿರಿ, ಕಾಗದದಲ್ಲೂ ಬರೆದುಕೊಳ್ಳಿ. ಬಿ ಮತ್ತು 8 ಆ ಚಿಕ್ಕ ಅಕ್ಷರದಲ್ಲಿ ಒಂದೇ ಥರ ಕಾಣುತ್ತವೆ. ಟೂಲ್‌ನ ಲಿಸ್ಟ್ ಕಮಾಂಡ್ ಕೂಡ ಇದೇ ನಂಬರ್ ತೋರಿಸುತ್ತದೆ, ಎರಡನ್ನೂ ತಾಳೆ ನೋಡಿ. ಹಳೆಯ ಫರ್ಮ್‌ವೇರ್ ಅಳಿಸಿದ ಮೇಲೆ ಈ ನಂಬರ್ ಕಾರ್ಡ್‌ನಲ್ಲಿ ಉಳಿಯದಿದ್ದರೆ ನೀವೇ ಟೈಪ್ ಮಾಡಬೇಕಾಗುತ್ತದೆ.

ಮಲೆನಾಡ_ಹುಡುಗ:

ತುಂಬಾ ಥ್ಯಾಂಕ್ಸ್ ಸರ್. ಅಡ್ರೆಸ್ ಬರೆದುಕೊಂಡೆ, ಎರಡೂ ತಾಳೆಯಾಯಿತು. ಪೆನ್‌ಡ್ರೈವ್‌ನಲ್ಲಿ ಯುಇಎಫ್‌ಐ ಶೆಲ್ 2 (ಕಮಾಂಡ್ ಟೈಪ್ ಮಾಡುವ ಪರದೆ) ಹಾಕಿದೆ, ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಲಿಸ್ಟ್ ಕಮಾಂಡ್‌ಗೆ ಬೋರ್ಡ್‌ನೊಳಗಿನ ಶೆಲ್ ಕೆಲಸ ಮಾಡಿತು. ಆದರೆ ಪೆನ್‌ಡ್ರೈವ್‌ನ ಶೆಲ್‌ನಲ್ಲಿ ಓಡಿಸಿದರೆ ‘ಅಪ್ಲಿಕೇಶನ್ ನಾಟ್ ಸ್ಟಾರ್ಟೆಡ್ ಫ್ರಮ್ ಶೆಲ್’ ಅನ್ನುತ್ತದೆ. ಶೆಲ್ ಒಳಗೇ ಇದ್ದೇನಲ್ಲ!

ಹಳೇ_ಸರ್ವರ್:

ಈ ಟೂಲ್ ಹಳೆಯ ಶೆಲ್ 1ಕ್ಕೆ ಬರೆದದ್ದು. ಶೆಲ್ 2 ಅದಕ್ಕೆ ಗುರುತೇ ಸಿಗುವುದಿಲ್ಲ. ನಿಮ್ಮ ಬೋರ್ಡ್‌ನೊಳಗಿನ ಶೆಲ್ ಹಳೆಯದಿರಬೇಕು, ಅದನ್ನೇ ಬಳಸಿ. ಬೋರ್ಡ್‌ನಲ್ಲಿ ಶೆಲ್ ಇಲ್ಲದವರು ಶೆಲ್ 1ರ ಫೈಲ್ ತಂದು, ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ಇಎಫ್‌ಐ, ಅದರೊಳಗೆ ಬೂಟ್ ಎಂಬ ಫೋಲ್ಡರ್ ಮಾಡಿ, ‘ಬೂಟ್‌ಎಕ್ಸ್64.ಇಎಫ್‌ಐ’ ಅಂತ ಹೆಸರಿಟ್ಟು ಹಾಕಬೇಕು.

ಶುರು ಮಾಡುವ ಮುಂಚೆ ಡಿಸ್ಕ್‌ಗಳ ಕೇಬಲ್ ಎಲ್ಲ ಕಳಚಿಡಿ. ಯುಪಿಎಸ್ ಇದ್ದರೆ ಸಿಸ್ಟಮ್ ಅದರ ಮೇಲಿರಲಿ. ಮಳೆ ಬಂದು ಕರೆಂಟ್ ಹೋಗಿ ಬಂದು ಮಾಡುವ ಹೊತ್ತಿನಲ್ಲಿ ಈ ಕೆಲಸಕ್ಕೆ ಇಳಿಯಲೇಬೇಡಿ.

ಐಆರ್ ಮೇಲೆ ನೇರವಾಗಿ ಐಟಿ ಬರೆಯಲು ಟೂಲ್ ಒಪ್ಪುವುದಿಲ್ಲ, ಮೊದಲು ಅಳಿಸಬೇಕು. ಅಳಿಸುವ ಕಮಾಂಡ್‌ಗೆ 6 ಕೊಡಿ. 7 ಕೊಡಬೇಡಿ, ಅದು ಪೂರ್ತಿ ಫ್ಲ್ಯಾಶ್ ಒರೆಸಿಬಿಡುತ್ತದೆ. ಅಳಿಸಿ ಮುಗಿದ ಕೂಡಲೇ, ಅದೇ ಪರದೆಯಲ್ಲಿ, ‘2118ಐಟಿ.ಬಿನ್’ ಎಂಬ ಐಟಿ ಫರ್ಮ್‌ವೇರ್ ಫೈಲ್ ಬರೆಯಿರಿ. ನಡುವೆ ರೀಬೂಟ್ ಮಾಡಬಾರದು, ಪವರ್ ಬಟನ್ ಮುಟ್ಟಬಾರದು. ಖಾಲಿ ಕಾರ್ಡ್ ಇಟ್ಟುಕೊಂಡು ಕೆಲವು ಬೋರ್ಡ್‌ಗಳು ಬೂಟೇ ಆಗುವುದಿಲ್ಲ. ಬರೆಯುವಾಗ ಏನಾದರೂ ಎರರ್ ಬಂದರೂ ಹಾಗೇ ಬಿಟ್ಟು ಇಲ್ಲಿ ಕೇಳಿ. ಆಮೇಲೆ ಅಡ್ರೆಸ್ ಸರಿಯಾಗಿದೆಯಾ ನೋಡಿ. ಇಲ್ಲದಿದ್ದರೆ ಹೈಫನ್ ಬಿಟ್ಟು ಹಾಕಿ.

ಕಾರ್ಡ್‌ನ ಬೂಟ್ ಬಯಾಸ್ ಹಾಕದಿದ್ದರೂ ನಡೆಯುತ್ತದೆ. ಆ ಕಾರ್ಡ್‌ಗೆ ತಗುಲಿಸಿದ ಡಿಸ್ಕ್‌ನಿಂದ ಬೂಟ್ ಮಾಡಬೇಕಿದ್ದರೆ ಮಾತ್ರ ಬೇಕು. ನನ್ನನ್ನು ಕೇಳಿದರೆ ಬೇಡ, ಸಿಸ್ಟಮ್ ಬೇಗ ಏಳುತ್ತದೆ.

ಡಿಸ್ಕ್_ಗೆಳೆಯ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮುಂದೆ ಇದನ್ನು ಓದುವವರಿಗೆ ಒಂದು ಮಾತು. ಐಬಿಎಂ ಎಂ1015, ಡೆಲ್ ಎಚ್200 ಕೂಡ ಇದೇ ಎಸ್‌ಎಎಸ್2008 ಚಿಪ್‌ನವು. ಆದರೆ ಅವುಗಳ ಫರ್ಮ್‌ವೇರ್ ಬದಲಿಸಲು ಬೇರೆ ಹಂತಗಳಿವೆ. ಮೇಲಿನದ್ದನ್ನು ಹಾಗೇ ಅವಕ್ಕೆ ಮಾಡಬೇಡಿ. ಐಆರ್‌ನಲ್ಲಿ ರೇಡ್ ಕಟ್ಟಿ ಡೇಟಾ ಇಟ್ಟಿರುವವರು ಮೊದಲು ಬ್ಯಾಕಪ್ ತಗೊಳ್ಳಿ. ಐಟಿಗೆ ಹೋದ ಮೇಲೆ ಆ ರೇಡ್ ಕಾರ್ಡ್‌ಗೆ ಅರ್ಥವಾಗುವುದಿಲ್ಲ.

ಮಲೆನಾಡ_ಹುಡುಗ:

ಆಯ್ತು! ಬೋರ್ಡ್‌ನ ಶೆಲ್‌ನಲ್ಲೇ ಮಾಡಿದೆ. ಅಳಿಸುವಾಗ ಪರದೆ ಸ್ವಲ್ಪ ಹೊತ್ತು ಅಲ್ಲಾಡಲೇ ಇಲ್ಲ, ಕೈ ಕಟ್ಟಿ ಕೂತೆ. ಅಡ್ರೆಸ್ ಹಾಕಿ ರೀಬೂಟ್ ಮಾಡಿದೆ. ಈಗ ಕರ್ನಲ್ ಲಾಗ್‌ನಲ್ಲಿ ‘ಎಲ್‌ಎಸ್‌ಐಎಸ್‌ಎಎಸ್2008’ ಪಕ್ಕ 20.00.07.00 ಅಂತಿದೆ. ಎಲ್ಲ ಡಿಸ್ಕ್‌ಗಳ ಸ್ಮಾರ್ಟ್ ಮಾಹಿತಿಯೂ (ಡಿಸ್ಕ್‌ನ ಆರೋಗ್ಯದ ವಿವರ) ಬರುತ್ತಿದೆ. ಆದರೆ ಕಾರ್ಡ್‌ನ ಹೀಟ್‌ಸಿಂಕ್ ಮುಟ್ಟಿದರೆ ಬೆರಳು ಇಡಲು ಆಗುವುದಿಲ್ಲ. ಇದು ಸರಿನಾ?

ಹಳೇ_ಸರ್ವರ್:

ಬಹಳ ಸಂತೋಷ. ಆ ಬಿಸಿ ಈ ಕಾರ್ಡ್‌ಗೆ ಸಹಜ, ಆದರೆ ಹಾಗೇ ಬಿಡುವಂಥದ್ದಲ್ಲ. ಗಾಳಿ ಜೋರಾಗಿ ನುಗ್ಗುವ ಸರ್ವರ್ ಡಬ್ಬಿಗಳಿಗಾಗಿ ಮಾಡಿದ ಕಾರ್ಡ್ ಇದು. ಮನೆಯ ಟವರ್ ಕ್ಯಾಬಿನೆಟ್‌ನಲ್ಲಿ ಅಷ್ಟು ಗಾಳಿ ಸಿಗುವುದಿಲ್ಲ. ಹೀಟ್‌ಸಿಂಕ್ ಮೇಲೆ 40 ಮಿ.ಮೀ. ಫ್ಯಾನ್ ಒಂದನ್ನು ಕೂರಿಸಿ. ಬಿಸಿ ಜಾಸ್ತಿಯಾದರೆ ಡಿಸ್ಕ್‌ಗಳು ಇದ್ದಕ್ಕಿದ್ದಂತೆ ಪೂಲ್‌ನಿಂದ (ಟ್ರೂನ್ಯಾಸ್ ಒಟ್ಟುಗೂಡಿಸಿದ ಡಿಸ್ಕ್‌ಗಳ ಗುಂಪಿನಿಂದ) ಕಾಣೆಯಾಗುತ್ತವೆ, ಆಗ ಎಲ್ಲರೂ ಫರ್ಮ್‌ವೇರ್ ಬೈಯುತ್ತಾರೆ. ಫ್ಯಾನ್ ಕೂರಿಸಿ, ಸ್ವಲ್ಪ ಡೇಟಾ ತುಂಬಿಸಿ, ಒಂದು ಸ್ಕ್ರಬ್ (ಪೂಲ್‌ನ ಡೇಟಾ ಎಲ್ಲ ಓದಿ ತಪ್ಪು ಹುಡುಕುವ ಪರೀಕ್ಷೆ) ಓಡಿಸಿ. ಮುಗಿದ ಮೇಲೆ ಝಡ್‌ಪೂಲ್ ಸ್ಟೇಟಸ್ ಕಮಾಂಡ್‌ನಲ್ಲಿ ಚೆಕ್‌ಸಮ್ (ಡೇಟಾ ತಪ್ಪುಗಳ ಎಣಿಕೆ) ಕಾಲಂ ಪೂರ್ತಿ ಸೊನ್ನೆ ಇದೆಯಾ ನೋಡಿ ತಿಳಿಸಿ. ಅಲ್ಲಿಯವರೆಗೆ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿರುವ ಫೋಟೊ ಅಳಿಸಬೇಡಿ.