ಬಿಎಂಐ 24, ಆದರೂ ಲೆಪ್ಟಿನ್ ಜಾಸ್ತಿ. ಮಾತ್ರೆ ಕೊಡಬಹುದೇ?

ಪಥ್ಯದಡುಗೆ: 42 ವರ್ಷದ ಗಂಡಸು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 24, ಸೊಂಟ 95 ಸೆಂ.ಮೀ., ಖಾಲಿ ಹೊಟ್ಟೆಯ ಸಕ್ಕರೆ 108, ಇನ್ಸುಲಿನ್ 15. ಹೆಲ್ತ್ ಪ್ಯಾಕೇಜಿನಲ್ಲಿ ಲೆಪ್ಟಿನ್ ಕೂಡ ನೋಡಿದ್ದಾರೆ, ಮಿತಿ ಮೀರಿದೆ. ಹಸಿವು ತಗ್ಗಿಸಬೇಕಾದ ಹಾರ್ಮೋನು ಇಷ್ಟಿದ್ದೂ ಹಸಿವು ಯಾಕೆ ಕಮ್ಮಿಯಿಲ್ಲ? ಆನ್‌ಲೈನಿನಲ್ಲಿ ಮಾರುವ ‘ಲೆಪ್ಟಿನ್ ಮಾತ್ರೆ’ ತಗೊಳ್ಳಲೇ ಎಂದು ಕೇಳುತ್ತಿದ್ದಾರೆ.

ಗ್ರಂಥಿಶಾಸ್ತ್ರ: ಬೇಡವೇ ಬೇಡ. ಲೆಪ್ಟಿನ್ 146 ಅಮೈನೊ ಆಮ್ಲಗಳ ಪ್ರೋಟೀನು, ನುಂಗಿದರೆ ತಿಂದ ಬೇಳೆಯ ಹಾಗೆ ಜೀರ್ಣವಾಗಿಹೋಗುತ್ತದೆ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಅದರ ಜೀನ್ ಪತ್ತೆ ಮಾಡಿದಾಗ ಬೊಜ್ಜಿಗೆ ಮದ್ದು ಸಿಕ್ಕಿತೆಂಬ ಆಸೆ ಹುಟ್ಟಿತ್ತು. ಆದರೆ ಬೊಜ್ಜಿರುವ ಬಹುತೇಕರಲ್ಲಿ ಲೆಪ್ಟಿನ್ನಿಗೆ ಕೊರತೆಯೇ ಇಲ್ಲ. ಕೊಬ್ಬು ಹೆಚ್ಚಿದಷ್ಟೂ ಅದೂ ಏರುತ್ತದೆ, ಮಿದುಳಿನಲ್ಲಿ ಹಸಿವು ನಿಯಂತ್ರಿಸುವ ಹೈಪೊಥಲಮಸ್ ಮಾತ್ರ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಕೃತಕ ಲೆಪ್ಟಿನ್ ಆದ ಮೆಟ್ರೆಲೆಪ್ಟಿನ್ ಚುಚ್ಚುಮದ್ದು ನಿಜವಾಗಿ ಕೆಲಸಕ್ಕೆ ಬರುವುದು ಲಿಪೊಡಿಸ್ಟ್ರೊಫಿಯಂಥ ಕಡೆ, ಅಂದರೆ ಕೊಬ್ಬಿನ ಅಂಗಾಂಶವೇ ಇಲ್ಲದೆ ಲೆಪ್ಟಿನ್ ಕುಸಿದವರಲ್ಲಿ.

ಲ್ಯಾಬ್‌ಕೋಟು: ಲೆಪ್ಟಿನ್ ಬಿಡಿ, ಉಳಿದ ಅಂಕಿಗಳನ್ನು ನೋಡಿ. ಇನ್ಸುಲಿನ್ನಿಗೆ ದೇಹ ಎಷ್ಟು ಮಣಿಯುತ್ತಿಲ್ಲ ಎಂದು ಅಂದಾಜಿಸುವ ಹೋಮಾ-ಐಆರ್ (ಇನ್ಸುಲಿನ್ × ಸಕ್ಕರೆ ÷ 405) = 15 × 108 ÷ 405 = 4. ಕಿಟ್‌ನಿಂದ ಕಿಟ್‌ಗೆ ಮಿತಿ ಬದಲಾದರೂ 4 ಅಂದರೆ ಇನ್ಸುಲಿನ್ ಪ್ರತಿರೋಧವೇ. ಇನ್ನು ಬಿಎಂಐ 24 ‘ನಾರ್ಮಲ್’ ಅಲ್ಲ. ಭಾರತೀಯರಿಗೆ 23ರಿಂದಲೇ ಅಧಿಕ ತೂಕ, ಗಂಡಸರ ಸೊಂಟಕ್ಕೆ ಮಿತಿ 90. ಲೆಪ್ಟಿನ್ನಿನ ರೆಫರೆನ್ಸ್ ರೇಂಜ್ ಗಂಡಸರದ್ದೇ ಹಾಕಿದ್ದಾರಾ ನೋಡಿ, ಹೆಂಗಸರಲ್ಲಿ ಅದು ಸಹಜವಾಗಿಯೇ ಹೆಚ್ಚು.

ಪಥ್ಯದಡುಗೆ: ಹಾಗಾದರೆ ಕೊಬ್ಬಿನ ಇನ್ನೊಂದು ಹಾರ್ಮೋನು ಅಡಿಪೊನೆಕ್ಟಿನ್ ಪರೀಕ್ಷೆ ಮಾಡಿಸಲೇ?

ಗ್ರಂಥಿಶಾಸ್ತ್ರ: ಕಮ್ಮಿಯೇ ಬರುತ್ತದೆ, ಚಿಕಿತ್ಸೆ ಬದಲಾಗುವುದಿಲ್ಲ. ದುಡ್ಡು ದಂಡ. ಆದರೆ ಮಧುಮೇಹದ ಕಥೆಯಲ್ಲಿ ಲೆಪ್ಟಿನ್ನಿಗಿಂತ ಇದರ ಪಾತ್ರ ಕುತೂಹಲದ್ದು. ಕೊಬ್ಬಿನ ಕೋಶದ್ದೇ ಹಾರ್ಮೋನಾದರೂ ಹೊಟ್ಟೆಯೊಳಗಿನ ಕೊಬ್ಬು ಬೆಳೆದಂತೆ ಇಳಿಯುತ್ತದೆ. ಇದಿದ್ದರೆ ಯಕೃತ್ತು ಸಕ್ಕರೆ ತಯಾರಿಸುವುದನ್ನು ತಗ್ಗಿಸುತ್ತದೆ, ಸ್ನಾಯು ಕೊಬ್ಬನ್ನು ಉರಿಸುತ್ತದೆ. ಮಧುಮೇಹದ ಮಾತ್ರೆ ಪಯೊಗ್ಲಿಟಜೋನ್ ಇದನ್ನು ಏರಿಸುತ್ತದೆ ನಿಜ, ಜೊತೆಗೆ ತೂಕ ಮತ್ತು ಕಾಲಿನ ಬಾವೂ ಬರಬಹುದು. ಹೃದಯ ವೈಫಲ್ಯ ಇದ್ದವರಿಗೆ ಕೊಡುವ ಹಾಗೇ ಇಲ್ಲ. ಇನ್ಸುಲಿನ್ ಪ್ರತಿರೋಧಕ್ಕೆ ತಳಕು ಹಾಕುವ ಇನ್ನೊಂದು ಹಾರ್ಮೋನು ರೆಸಿಸ್ಟಿನ್ ಬಗ್ಗೆ ಓದಿ ತಲೆ ಕೆಡಿಸಿಕೊಳ್ಳಬೇಡಿ. ಇಲಿಯಲ್ಲಿ ಅದು ಕೊಬ್ಬಿನ ಕೋಶದ್ದು, ಮನುಷ್ಯರಲ್ಲಿ ಮುಖ್ಯವಾಗಿ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳದ್ದು.

ಲ್ಯಾಬ್‌ಕೋಟು: ಅದೇ ದುಡ್ಡಲ್ಲಿ ಎಚ್‌ಬಿಎ1ಸಿ (ಎರಡು–ಮೂರು ತಿಂಗಳ ಸರಾಸರಿ ಸಕ್ಕರೆ), 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆಯ ಸಕ್ಕರೆ, ಟ್ರೈಗ್ಲಿಸರೈಡ್ ಮಾಡಿಸಿ.

ಗ್ರಂಥಿಶಾಸ್ತ್ರ: ಊಟದ ವಿಚಾರದಲ್ಲಿ ಒಂದೇ ಎಚ್ಚರಿಕೆ: ಉಪವಾಸ ಕೆಡವಿ ತೂಕ ಇಳಿಸಬೇಡಿ. ಕೊಬ್ಬು ಕರಗುವ ಮೊದಲೇ ಲೆಪ್ಟಿನ್ ಧಡಕ್ಕನೆ ಬೀಳುತ್ತದೆ, ಮಿದುಳು ಬರಗಾಲ ಬಂತೆಂದು ಹಸಿವು ಏರಿಸಿ ದೇಹದ ಖರ್ಚು ಇಳಿಸುತ್ತದೆ. ತಿಂಗಳಿಗೆ ಒಂದೂವರೆ–ಎರಡು ಕಿಲೊ ಸಾಕು, ಒಟ್ಟು 5–7 ಶೇಕಡಾ ಇಳಿದ ಮೇಲೆ ಮತ್ತೆ ಹೋಮಾ ಲೆಕ್ಕ ಹಾಕಿ.