ಸೂತ್ರ ಬಾಯಿಪಾಠ ಆಗಿದೆ, ಹಣ ಹುಟ್ಟುವುದು ಎಲ್ಲಿ?

ಪ್ರಶ್ನೆ: ಮೇಡಂ, ನಾನು ಎಂ.ಎ. ಅರ್ಥಶಾಸ್ತ್ರ, ಎರಡನೇ ವರ್ಷ. ಪಿಯುಸಿವರೆಗೆ ಕನ್ನಡ ಮಾಧ್ಯಮ. ಮಾನಿಟರಿ ಎಕನಾಮಿಕ್ಸ್ ಪೇಪರಿನಲ್ಲಿ ಮನಿ ಮಲ್ಟಿಪ್ಲೈಯರ್ (ಆರ್‌ಬಿಐ ಹೊರಡಿಸಿದ ಮೂಲ ಹಣದ ಎಷ್ಟು ಪಟ್ಟು ಒಟ್ಟು ಹಣ ಇದೆ ಅನ್ನುವ ಅನುಪಾತ) ಸೂತ್ರ ಸರಿಯಾಗಿ ಬರೆಯುತ್ತೇನೆ. ಆದರೆ ಬಡ್ಡಿ, ಬೆಲೆಯೇರಿಕೆ, ಉತ್ಪಾದನೆಗಳ ನಂಟು ತೋರಿಸುವ ನ್ಯೂ ಕೀನ್ಸಿಯನ್ ಮಾಡೆಲ್‌ಗೆ ಬಂದರೆ ಹಣದ ಪ್ರಮಾಣವೇ ಇಲ್ಲ, ಬರೀ ಬಡ್ಡಿ ದರ. ನನಗೆ ಗಣಿತ ಸಾಲದಾ?

ಉತ್ತರ: ತೊಂದರೆ ಗಣಿತದ್ದಲ್ಲ. ನಿಮಗೆ ಈ ಅನುಮಾನ ಬಂದಿದ್ದೇ ಖುಷಿ. ಎಷ್ಟೋ ಜನಕ್ಕೆ ಬರುವುದೇ ಇಲ್ಲ.

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಬ್ಯಾಂಕಿನ ಆಸ್ತಿ, ಬಲಕ್ಕೆ ಹೊಣೆ. ಬ್ಯಾಂಕು ಒಬ್ಬ ರೈತರಿಗೆ 50,000 ಸಾಲ ಕೊಟ್ಟಿತು ಅನ್ನಿ. ಎಡಕ್ಕೆ ಸಾಲ 50,000. ಬಲಕ್ಕೆ ಅವರ ಖಾತೆಗೆ ಜಮಾ 50,000. ಬೇರೆ ಯಾರ ಠೇವಣಿಯೂ ಒಂದು ರೂಪಾಯಿ ಕಮ್ಮಿಯಾಗಲಿಲ್ಲ, ಅಲ್ವಾ? ಹಣ ಹುಟ್ಟಿದ್ದು ಇಲ್ಲೇ.

ಈಗ ಆ ರೈತರು ಪಂಪ್‌ಸೆಟ್ ಕೊಂಡರು. ಅಂಗಡಿಯವರ ಖಾತೆ ಬೇರೆ ಬ್ಯಾಂಕಿನಲ್ಲಿದೆ. ಈ ಬ್ಯಾಂಕು ಆ ಬ್ಯಾಂಕಿಗೆ ಕೊಡಬೇಕಾದ್ದು ಆರ್‌ಬಿಐ ಖಾತೆಯಲ್ಲಿರುವ ದುಡ್ಡಿನಿಂದ. ಅದು ಸಾಲದಿದ್ದರೆ ಒಂದು ರಾತ್ರಿಯ ಮಟ್ಟಿಗೆ ಸಾಲ ಎತ್ತುತ್ತದೆ. ಆ ಒಂದು ರಾತ್ರಿಯ ಬಡ್ಡಿ ರೆಪೋ ದರದ (ಆರ್‌ಬಿಐ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ದರ) ಆಸುಪಾಸಿನಲ್ಲೇ ಇರಲಿ ಅಂತ ಆರ್‌ಬಿಐ ಬೇಕಾದಾಗ ದುಡ್ಡು ಬಿಡುತ್ತದೆ, ಜಾಸ್ತಿಯಾದಾಗ ಹೀರಿಕೊಳ್ಳುತ್ತದೆ. ದರವನ್ನು ಆರ್‌ಬಿಐ ಹಿಡಿದಿರುತ್ತದೆ, ಪ್ರಮಾಣ ಅದರ ಹಿಂದೆ ಬರುತ್ತದೆ. ನಿಮ್ಮ ಮಾಡೆಲ್‌ನಲ್ಲಿ ಬಡ್ಡಿ ಮಾತ್ರ ಕಾಣುವುದು ಇದಕ್ಕೇ.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಮಲ್ಟಿಪ್ಲೈಯರ್ ಸುಳ್ಳಾ ಮೇಡಂ? ನೆಟ್ ಪರೀಕ್ಷೆಗೆ ಓದುತ್ತಿದ್ದೇನೆ.

ಉತ್ತರ: ಸುಳ್ಳಲ್ಲ, ಪರೀಕ್ಷೆಯಲ್ಲಿ ಧಾರಾಳವಾಗಿ ಬರೆಯಿರಿ. ಆದರೆ ಅದು ಬರೀ ಅನುಪಾತ. ಕಾರಣ ಹೇಳುವುದಿಲ್ಲ. 2016ರ ನವೆಂಬರ್‌ನಲ್ಲಿ 500, 1000ದ ನೋಟು ರದ್ದಾದವು. ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಅವುಗಳ ಪಾಲು ಸುಮಾರು 86%. ಜನ ನೋಟು ತಂದು ಬ್ಯಾಂಕಿಗೆ ಕಟ್ಟಿದರು. ಕೈಯಲ್ಲಿನ ನಗದು ಇಳಿಯಿತು, ಠೇವಣಿ ಏರಿತು, ಮಲ್ಟಿಪ್ಲೈಯರ್ ಒಮ್ಮೆಲೇ ಮೇಲೆ ಹೋಯಿತು. ಅದಕ್ಕೆ ತಕ್ಕಂತೆ ಬ್ಯಾಂಕ್ ಸಾಲ ಏರಿತಾ? ಇಲ್ಲ, ಸಾಲದ ಬೆಳವಣಿಗೆ ಇನ್ನೂ ನಿಧಾನವಾಯಿತು. ಸಾಲ ಕೇಳುವವರೇ ಕಮ್ಮಿ ಇದ್ದಾಗ ಠೇವಣಿ ಸುಮ್ನೆ ಬಿದ್ದಿರುತ್ತದೆ.

ಮೊದಲು ಕೇಳಿದವರಿಗೆ: 2022ರ ಮೇ ಆರಂಭದಲ್ಲಿ ರೆಪೋ 4% ಇತ್ತು, 2023ರ ಫೆಬ್ರವರಿಗೆ 6.5% ಆಯಿತು. ಅದೇ ಹಾಳೆಯಲ್ಲಿ ಈ ಏರಿಕೆ ಮೊದಲು ಯಾವ ಸಾಲಿಗೆ ತಟ್ಟುತ್ತದೆ ಅಂತ ಗುರುತು ಮಾಡಿ, ಫೋಟೊ ಇಲ್ಲೇ ಹಾಕಿ. ಇವತ್ತು ಖರ್ಚು ಮಾಡುವುದಾ, ನಾಳೆಗೆ ಉಳಿಸುವುದಾ ಅನ್ನುವುದನ್ನು ಬಡ್ಡಿಗೆ ಜೋಡಿಸುವ ಯೂಲರ್ ಸಮೀಕರಣ ಅಲ್ಲಿಂದಲೇ ಶುರು ಮಾಡೋಣ.