ಹಳೆಯ ಟಿಬೆಟನ್ ಚಹಾ ಬಟ್ಟಲು: ಸಡಿಲಾದ ಬೆಳ್ಳಿ ಒಳಪದರವನ್ನು ಬಿಚ್ಚಿಸಬಹುದೇ?

ಪ್ರಶ್ನೆ (ಬೆಳಗಾವಿಯಿಂದ)

ಮುಂಡಗೋಡದ ಟಿಬೆಟನ್ ನೆಲೆಯಲ್ಲಿ ಬಹುಕಾಲ ಕೆಲಸ ಮಾಡಿದ್ದ ನಮ್ಮ ಸೋದರಮಾವನವರಿಗೆ ಅಲ್ಲಿನ ಕುಟುಂಬವೊಂದು ಪ್ರೀತಿಯಿಂದ ಕೊಟ್ಟಿದ್ದ ಮರದ ಚಹಾ ಬಟ್ಟಲು ಈಗ ನಮ್ಮ ಮನೆಯಲ್ಲಿದೆ. ಹೊರಮೈ ಕಡು ಜೇನುಬಣ್ಣದ್ದು. ಒಳಗೆಲ್ಲ ಬೆಳ್ಳಿಯ ತಗಡು, ಬುಡದ ಪೀಠಕ್ಕೂ ಕಮಲದಳದ ಕೆತ್ತನೆಯಿರುವ ಬೆಳ್ಳಿ. ಒಳಗಿನ ತಗಡು ಒಂದು ಕಡೆ ಸಡಿಲಾಗಿದ್ದು, ಬೆರಳಿನಿಂದ ಒತ್ತಿದರೆ ಅಲುಗುತ್ತದೆ. ಶಹಾಪುರದ ಅಕ್ಕಸಾಲಿಗರೊಬ್ಬರು ಅದನ್ನು ಬಿಚ್ಚಿ, ಕಾಸಿ, ಹೊಳಪು ಕೊಟ್ಟು ಮತ್ತೆ ಕೂರಿಸುವುದಾಗಿ ಹೇಳುತ್ತಿದ್ದಾರೆ. ಮಾಡಿಸಬಹುದೇ? ಬಟ್ಟಲು ನಿಜಕ್ಕೂ ಹಳೆಯದೇ ಎಂದು ತಿಳಿಯುವುದು ಹೇಗೆ?

ಉತ್ತರ (ಗೋಕಾಕದಿಂದ)

ದಯವಿಟ್ಟು ಬಿಚ್ಚಿಸಬೇಡಿ. ನಾನು ಮರಗೆಲಸದವನು, ಇಂಥ ಬಟ್ಟಲಿನಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಮರದ ಮೇಲೆಯೇ. ಒಳ್ಳೆಯ ಬಟ್ಟಲುಗಳನ್ನು ನೆಟ್ಟಗಿನ ಕಾಂಡದಿಂದಲ್ಲ, ಮರದ ಗಂಟಿನಿಂದ ಕಡೆಯುತ್ತಾರೆ. 1848ರಿಂದ 1850ರವರೆಗೆ ಸಿಕ್ಕಿಂ ಸುತ್ತಿದ ಸಸ್ಯವಿಜ್ಞಾನಿ ಜೋಸೆಫ್ ಹೂಕರ್, ಬೆಲನೋಫೋರಾ ಎಂಬ ಪರಾವಲಂಬಿ ಸಸ್ಯವು ಮೇಪಲ್ ಮರದ ಬೇರುಗಳಲ್ಲಿ ಎಬ್ಬಿಸುವ ಗಂಟುಗಳಿಂದಲೇ ಟಿಬೆಟಿನ ಬಟ್ಟಲುಗಳು ತಯಾರಾಗುತ್ತವೆ ಎಂದು ಬರೆದಿದ್ದಾನೆ. ಗಂಟಿನಲ್ಲಿ ಎಳೆಗಳು ಒಂದರೊಳಗೊಂದು ಸುತ್ತಿಕೊಂಡಿರುವುದರಿಂದ ತೆಳ್ಳಗೆ ಕಡೆದರೂ ಅದು ಸುಲಭವಾಗಿ ಸೀಳುವುದಿಲ್ಲ. ಕೆಲವು ಗಂಟುಗಳ ಬಟ್ಟಲಿಗೆ ವಿಷದಿಂದ ಕಾಯುವ ಶಕ್ತಿಯಿದೆ ಎಂಬ ನಂಬಿಕೆಯಿದ್ದುದರಿಂದ ಅವುಗಳಿಗೆ ಭಾರೀ ಬೆಲೆ ಇತ್ತು. ಕಿಟಕಿಯ ಬೆಳಕಿನಲ್ಲಿ ನಿಮ್ಮ ಬಟ್ಟಲನ್ನು ನಿಧಾನವಾಗಿ ತಿರುಗಿಸಿ ನೋಡಿ: ಗೆರೆಗಳ ಬದಲು ಸಣ್ಣ ಸಣ್ಣ ಕಣ್ಣುಗಳು, ಸುಳಿಗಳು ಕಂಡರೆ ಅದು ಗಂಟಿನ ಮರ.

ಉತ್ತರ (ವಿಜಯಪುರದಿಂದ)

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ತಗಡು ಸಡಿಲಾಗಲು ಕಾರಣ ಬಹುಶಃ ನಮ್ಮ ಕಡೆಯ ಹವೆಯೇ: ಒಣಗಾಳಿಗೆ ಮರ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ, ಬೆಳ್ಳಿ ಮಾತ್ರ ತೇವಕ್ಕೆ ಹಾಗೆ ಬದಲಾಗುವುದಿಲ್ಲ. ಅಂಚಿನಲ್ಲಿ ಮಡಚಿದ ತಗಡನ್ನು ಎಬ್ಬಿಸಿದರೆ ಹಳೆಯ ಬೆಳ್ಳಿ ಹರಿಯುವ ಸಾಧ್ಯತೆಯೇ ಹೆಚ್ಚು, ಮರದ ಅಂಚೂ ಚಕ್ಕೆ ಏಳಬಹುದು. ಬಿಸಿಲು, ಒಲೆ, ಏಸಿ ಗಾಳಿ ತಾಗದ ಕಪಾಟಿನಲ್ಲಿ ಇಡಿ. ದೇವರ ಸಾಮಾನಿನಂತೆ ಇದನ್ನು ಹುಣಸೆಹಣ್ಣಿನಿಂದಾಗಲಿ ವಿಭೂತಿಯಿಂದಾಗಲಿ ತಿಕ್ಕಬೇಡಿ. ಹುಳಿನೀರು ತಗಡಿನ ಸಂದಿಗಿಳಿದರೆ ಒಳಗಿನ ಮರಕ್ಕೆ ಹಾನಿ. ಒಣ ಮೆತ್ತನೆಯ ಹತ್ತಿಬಟ್ಟೆ ಸಾಕು.

ಉತ್ತರ (ಜಮಖಂಡಿಯಿಂದ)

ಹಳೆಯದೇ ಎಂಬ ಪ್ರಶ್ನೆಗೆ: ಟಿಬೆಟಿನಲ್ಲಿ ಪ್ರತಿಯೊಬ್ಬರೂ ತಮ್ಮ ಬಟ್ಟಲನ್ನು ನಿಲುವಂಗಿಯ ಎದೆಮಡಿಕೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು, ಉಪ್ಪು ಬೆಣ್ಣೆ ಹಾಕಿ ಕಡೆದ ಚಹಾವನ್ನು ಅದರಲ್ಲೇ ಕುಡಿಯುತ್ತಿದ್ದರು. ಹೀಗಾಗಿ ನಿಜವಾದ ಸವೆತ ಕೈಹಿಡಿಯುವಲ್ಲಿ, ತುಟಿ ತಾಗುವಲ್ಲಿ, ಪೀಠದ ಅಂಚಿನಲ್ಲಿ ಇರುತ್ತದೆ. ಎಲ್ಲ ಕಡೆ ಒಂದೇ ಸಮನೆ ಕಪ್ಪಾಗಿದ್ದರೆ ಬಣ್ಣ ಹಚ್ಚಿದ ಅನುಮಾನ ಪಡಿ. ಕೈಯಿಂದ ಬಡಿದ ತಗಡಿನಲ್ಲಿ ಸುತ್ತಿಗೆಯ ಮೆಲುಗುರುತುಗಳು ಇರಬಹುದು. ಪ್ರವಾಸಿ ಅಂಗಡಿಗಳಲ್ಲಿ ‘ಟಿಬೆಟನ್ ಸಿಲ್ವರ್’ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ. ಒಂದು ವೇಳೆ ನೂರು ವರ್ಷ ಮೀರಿದ್ದಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ಅದನ್ನು ಸ್ವಂತವಾಗಿ ದೇಶದ ಹೊರಗೆ ಕಳುಹಿಸುವಂತಿಲ್ಲ. ವಿದೇಶದಲ್ಲಿರುವ ಬಂಧುಗಳು ಕೇಳಿದರೆ ಇದು ನೆನಪಿರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕಣ್ಣುಗಳೂ ಸುಳಿಗಳೂ ಸ್ಪಷ್ಟವಾಗಿ ಕಂಡವು. ಅಕ್ಕಸಾಲಿಗರಿಗೆ ಬೇಡವೆಂದು ತಿಳಿಸಿದ್ದೇನೆ. ಹಬ್ಬದ ದಿನ ಇದರಲ್ಲಿ ಚಹಾ ಕುಡಿಯಬಹುದೇ?

ಉತ್ತರ (ಗೋಕಾಕದಿಂದ)

ತಗಡು ಸಡಿಲವಿರುವವರೆಗೆ ಬೇಡ. ಬಿಸಿ ಚಹಾ ಅಡಿಗೆ ಇಳಿದು ನಿಂತರೆ ಒರೆಸಲು ಬರುವುದಿಲ್ಲ, ಮರ ಒಳಗಿನಿಂದಲೇ ಕೊಳೆಯಲು ತೊಡಗುತ್ತದೆ.